ಬೇಟೆಯಲ್ಲಿ ನಾಯಿಯ ಪಾಲು

ಅಡಿಕೆ ಕೊಯ್ಲು ಮುಗಿದು, ಗದ್ದೆಗಳು ಬರಿದಾಗಿ, ಹಳ್ಳಗಳ ನೀರು ಇಳಿಯತೊಡಗಿದಾಗ ಮಲೆನಾಡಿನ ಊರುಗಳಲ್ಲಿ ಕೈಗೆ ಸ್ವಲ್ಪ ಬಿಡುವು ಸಿಗುತ್ತದೆ. ಈ ಬಿಡುವಿನ ದಿನಗಳಲ್ಲಿ ನಾಯಿಗಳನ್ನು ಕಟ್ಟಿಕೊಂಡು ಕಾಡುಕೋಳಿ, ಚಿಟ್ಟುಕೋಳಿಗಳ ಬೇಟೆಗೆ ಹೊರಡುವ ರೂಢಿ ಇಂದಿಗೂ ಪೂರ್ತಿ ನಿಂತಿಲ್ಲ. ಕಾನೂನು ಇದನ್ನು ನಿಷೇಧಿಸಿ ದಶಕಗಳೇ ಸಂದಿವೆ. ಆದರೂ ಮುಸ್ಸಂಜೆಯ ಹೊತ್ತಿಗೆ ಕಾಡಂಚಿನಿಂದ ಈಡಿನ ಸದ್ದು ಕೇಳಿಸುವುದೂ, ಮರುದಿನ ಯಾವುದೋ ಕೊಟ್ಟಿಗೆಯ ಮೂಲೆಯಲ್ಲಿ ಗಾಯಗೊಂಡ ನಾಯಿಯೊಂದು ಸದ್ದಿಲ್ಲದೆ ಮಲಗಿರುವುದೂ ಹೊಸ ಸಂಗತಿಗಳೇನಲ್ಲ. ಹಕ್ಕಿಯ ಸಾವಿನ ಕುರಿತು ಪರಿಸರಾಸಕ್ತರು ಸಾಕಷ್ಟು ಹೇಳಿದ್ದಾರೆ. ಆ ನಾಯಿಯ ಕುರಿತು ಮಾತನಾಡಿದವರು ಕಡಿಮೆ.

ಮಲೆನಾಡಿಗರಿಗೂ ನಾಯಿಗೂ ಇರುವ ನಂಟು ಹಗುರವಾದುದಲ್ಲ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯ ಗುತ್ತಿಯನ್ನು ಅವನ ನಾಯಿ ಹುಲಿಯನಿಂದ ಬೇರ್ಪಡಿಸಿ ನೋಡಲಾಗದು. ಅವನು ‘ನಾಯಿಗುತ್ತಿ’ ಎಂದೇ ಹೆಸರಾದವನು. ಬೇಟೆಯ ಮಾಂಸದಲ್ಲಿ ನಾಯಿಗೂ ಒಂದು ಪಾಲು ಸಲ್ಲಬೇಕೆಂಬುದು ಹಳಬರ ಮಾತು. ಮೂಸಿ ಹುಡುಕಿದ, ಪೊದೆಗೆ ನುಗ್ಗಿದ, ಓಡಿ ದಣಿದ ಜೀವದ ದುಡಿಮೆಯನ್ನು ಒಪ್ಪಿಕೊಳ್ಳುವ ಮರ್ಯಾದೆ ಆ ಮಾತಿನಲ್ಲಿತ್ತು. ಇಂದು ಮಾಂಸದ ಪಾಲು ನಾಯಿಗೆ ಸಿಕ್ಕರೂ ಸಿಗಬಹುದು, ಸಿಗದೆಯೂ ಇರಬಹುದು. ಆದರೆ ಗಾಯದ ಪಾಲು ಮಾತ್ರ ಪೂರ್ತಿಯಾಗಿ ಅದರದೇ ಆಗಿದೆ.

ಹಕ್ಕಿಬೇಟೆಯಲ್ಲಿ ನಾಯಿಗೆ ಅಂಥ ಅಪಾಯವೇನು ಎಂದು ಕೆಲವರು ಕೇಳುವುದುಂಟು. ಕಾಡುಕೋಳಿ ಎದುರು ನಿಂತು ಹೋರಾಡುವ ಪ್ರಾಣಿಯಲ್ಲ, ನಿಜ. ನಾಯಿ ಎಬ್ಬಿಸಿದರೆ ಅದು ಹಾರಿ ಹತ್ತಿರದ ಮರದ ಕೊಂಬೆಯ ಮೇಲೆ ಕೂರುತ್ತದೆ; ಕೆಳಗೆ ಬೊಗಳುವ ನಾಯಿಯ ಮೇಲೆಯೇ ಅದರ ಗಮನ ನೆಟ್ಟಿರುವಾಗ ಕೋವಿ ಹಿಡಿದವನು ಸಮೀಪಿಸುತ್ತಾನೆ. ಆದರೆ ನಾಯಿ ನುಗ್ಗುವ ಲಂಟಾನದ ಮಟ್ಟಿಯಲ್ಲಿ ಕಾಡುಕೋಳಿ ಮಾತ್ರವೇ ಇರುವುದಿಲ್ಲ. ಬಿಸಿಲು ಹೊತ್ತಿನಲ್ಲಿ ಅಲ್ಲಿ ಕಾಡುಹಂದಿ ಮಲಗಿರುತ್ತದೆ. ತರಗೆಲೆಯ ನಡುವೆ ಮಂಡಲದ ಹಾವು ಇರುತ್ತದೆ. ಹಂದಿಗೆಂದು, ಮೊಲಕ್ಕೆಂದು ಯಾರೋ ಬೈಕಿನ ಕ್ಲಚ್ ವೈರಿನಿಂದ ಮಾಡಿಟ್ಟ ಉರುಳು ಇರುತ್ತದೆ. ಹಿಟ್ಟಿನ ಉಂಡೆಯಲ್ಲಿ ಅಡಗಿಸಿಟ್ಟ ಸಿಡಿಮದ್ದೂ ಇರಬಹುದು. ಉರುಳಿಗೆ ಬಿದ್ದದ್ದು ಹಂದಿಯೋ, ನಾಯಿಯೋ, ಚಿರತೆಯೋ ಎಂಬ ವಿವೇಚನೆ ತಂತಿಗಿಲ್ಲ. ಕತ್ತಲಾಗುವ ಹೊತ್ತಿನಲ್ಲಿ ಹಾರಿಸಿದ ಈಡಿಗೂ ಇಲ್ಲ.

ಗಾಯಕ್ಕಿಂತ ದೊಡ್ಡ ಕೇಡು ಅದರ ನಂತರ ಆಗುತ್ತದೆ. ನಾಯಿಯನ್ನು ಪಶು ಆಸ್ಪತ್ರೆಗೆ ಒಯ್ದರೆ ಬೇಟೆಯ ಸಂಗತಿ ಹೊರಬೀಳಬಹುದೆಂಬ ಅಂಜಿಕೆಯಿಂದ ಅನೇಕರು ಅದನ್ನು ಮನೆಯಲ್ಲೇ ಬಚ್ಚಿಡುತ್ತಾರೆ. ಒಯ್ದರೂ ‘ಬೇಲಿಗೆ ಸಿಕ್ಕಿ ಹರಿದುಕೊಂಡಿತು’ ಎಂದು ಹೇಳಿಬಿಡುತ್ತಾರೆ. ವೈದ್ಯರ ಮುಂದೆ ಸುಳ್ಳು ಹೇಳಬಾರದೆಂಬ ಹಿರಿಯರ ಮಾತು ಇಲ್ಲಿ ಅಕ್ಷರಶಃ ಪ್ರಾಣದ ಪ್ರಶ್ನೆ. ಬೇಲಿಯ ತಂತಿ ಚರ್ಮವನ್ನು ಗೀರುತ್ತದೆ; ಹಂದಿಯ ಕೋರೆ ಹೊರಗೆ ಸಣ್ಣ ತೂತು ಮಾಡಿ ಒಳಗೆ ಮಾಂಸಖಂಡವನ್ನೂ ಕೆಲವೊಮ್ಮೆ ಎದೆಗೂಡನ್ನೂ ಸೀಳಿರುತ್ತದೆ. ಹೊರಗಿನ ತೂತನ್ನು ನೋಡಿ ಹೊಲಿಗೆ ಹಾಕಿದರೆ ಒಳಗೆ ಕೀವು ತುಂಬುತ್ತದೆ. ಗಾಯ ಹೇಗಾಯಿತೆಂಬುದು ಚಿಕಿತ್ಸೆಯ ಅರ್ಧಭಾಗ.

ಆದ್ದರಿಂದ ಬೇಟೆಯ ಸರಿತಪ್ಪುಗಳ ಚರ್ಚೆಗೆ ಮುನ್ನ ಗಾಯಗೊಂಡ ನಾಯಿಗೆ ಏನು ಮಾಡಬೇಕೆಂಬುದು ಪ್ರತಿ ಮನೆಗೂ ತಿಳಿದಿರುವುದು ಅಗತ್ಯ. ತೋಟ ಕಾಯುವ ನಾಯಿಗೂ ಇವೇ ಗಾಯಗಳು ಆಗಬಲ್ಲವು.

ಮೊದಲನೆಯದಾಗಿ, ನೋವಿನಲ್ಲಿರುವ ನಾಯಿ ಸಾಕಿದವರನ್ನೂ ಕಚ್ಚುತ್ತದೆ. ಉಸಿರಾಟದ ತೊಂದರೆ ಅಥವಾ ವಾಂತಿ ಇಲ್ಲದಿದ್ದರೆ ಮೃದುವಾದ ಬಟ್ಟೆಯ ಪಟ್ಟಿಯಿಂದ ಮೂತಿಯನ್ನು ಹಗುರವಾಗಿ ಕಟ್ಟಬೇಕು. ರಕ್ತ ಹರಿಯುತ್ತಿದ್ದರೆ ಶುಭ್ರವಾದ ಬಟ್ಟೆಯನ್ನು ಮಡಿಸಿ ಗಾಯದ ಮೇಲೆ ಇಟ್ಟು 5ರಿಂದ 10 ನಿಮಿಷ ಬಿಡದೆ ಒತ್ತಿ ಹಿಡಿಯಬೇಕು. ನಡುನಡುವೆ ತೆಗೆದು ನೋಡಿದರೆ ಕಟ್ಟುತ್ತಿರುವ ರಕ್ತ ಮತ್ತೆ ಹರಿಯುತ್ತದೆ. ಬಟ್ಟೆ ತೊಯ್ದರೆ ಅದರ ಮೇಲೆಯೇ ಇನ್ನೊಂದನ್ನು ಇಡುವುದು ಸರಿಯಾದ ಕ್ರಮ. ಹೊಟ್ಟೆ ಸೀಳಿ ಕರುಳು ಹೊರಬಂದಿದ್ದರೆ ಅದನ್ನು ಒಳಗೆ ತಳ್ಳಲು ಹೋಗಬಾರದು. ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಮುಚ್ಚಿ, ಗೋಣಿಯ ಮೇಲೋ ಹಲಗೆಯ ಮೇಲೋ ಮಲಗಿಸಿ ಒಯ್ಯಬೇಕು. ಅಂಥ ನಾಯಿಗೆ ಬಾಯಿಯ ಮೂಲಕ ನೀರು, ಆಹಾರ ಏನನ್ನೂ ಕೊಡಬಾರದು. ವಸಡು ಬಿಳಿಚಿ, ಕಿವಿ ಮತ್ತು ಪಾದಗಳು ತಣ್ಣಗಾಗಿದ್ದರೆ ಒಳಗೆ ರಕ್ತಸ್ರಾವವಾಗುತ್ತಿದೆಯೆಂದು ಶಂಕಿಸಬೇಕು. ಆಗ ಒಂದು ಗಳಿಗೆಯೂ ತಡಮಾಡುವಂತಿಲ್ಲ.

ಉರುಳಿಗೆ ಸಿಕ್ಕ ನಾಯಿಯನ್ನು ಎಳೆದರೆ ಕುಣಿಕೆ ಇನ್ನಷ್ಟು ಬಿಗಿಯುತ್ತದೆ. ತಂತಿಯನ್ನು ಕಟ್ಟಿರುವ ಗೂಟದ ಕಡೆಗೆ ನಾಯಿಯನ್ನು ಸರಿಸಿ, ಸಡಿಲ ಮಾಡಿ, ಇಕ್ಕಳದಿಂದ ಕತ್ತರಿಸಬೇಕು. ಬಿಡಿಸಿದ ಕೂಡಲೇ ನಾಯಿ ಓಡಾಡಿತೆಂದು ಸಮಾಧಾನಪಡುವುದು ತಪ್ಪು. ರಕ್ತ ಸಂಚಾರ ನಿಂತಿದ್ದ ಭಾಗ ಎರಡು ಮೂರು ದಿನಗಳ ನಂತರ ಕಪ್ಪಾಗಿ ಕೊಳೆಯತೊಡಗಬಹುದು. ಹಾವು ಕಚ್ಚಿದ್ದರೆ ಹಗ್ಗ ಬಿಗಿಯುವುದು, ಕೊಯ್ದು ರಕ್ತ ಹರಿಸುವುದು ಎರಡೂ ಅಪಾಯಕಾರಿ. ನಾಯಿಯನ್ನು ನಡೆಸದೆ ಹೊತ್ತು ತರುವುದೇ ಮೊದಲ ಚಿಕಿತ್ಸೆ.

ಮಾಡಬಾರದ್ದರ ಪಟ್ಟಿಯೂ ಚಿಕ್ಕದಲ್ಲ. ಗಾಯಕ್ಕೆ ಸೀಮೆಎಣ್ಣೆ, ಫಿನಾಯಿಲ್, ಸುಣ್ಣ, ಕಾಫಿಪುಡಿ ಮೆತ್ತುವ ಅಭ್ಯಾಸ ಇನ್ನೂ ಉಳಿದಿದೆ. ಇವು ಜೀವಂತ ಮಾಂಸವನ್ನು ಸುಡುತ್ತವೆ ಅಥವಾ ಗಾಯವನ್ನು ಹೊಲಸು ಮಾಡುತ್ತವೆ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಎರಡು ಚಿಕ್ಕ ಚಮಚ ಉಪ್ಪು ಬೆರೆಸಿ ತೊಳೆಯುವುದು ಇವೆಲ್ಲಕ್ಕಿಂತ ಮೇಲು. ಮನುಷ್ಯರ ನೋವಿನ ಮಾತ್ರೆಗಳಾದ ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೊಫೆನಾಕ್‌ಗಳು ನಾಯಿಯ ಯಕೃತ್ತು, ಮೂತ್ರಪಿಂಡ, ಜಠರಗಳನ್ನು ಕೆಡಿಸಬಲ್ಲವು. ನಾಯಿ ನೆಕ್ಕಿದರೆ ಗಾಯ ಮಾಯುತ್ತದೆಂಬ ನಂಬಿಕೆಯೂ ಹುಸಿ. ನೆಕ್ಕಿದಷ್ಟೂ ಹೊಲಿಗೆ ಬಿಚ್ಚುತ್ತದೆ, ಸೋಂಕು ಹೆಚ್ಚುತ್ತದೆ. ನೊಣ ಕೂತು ಹುಳುಬಿದ್ದ ಗಾಯವನ್ನು ಪಶುವೈದ್ಯರಿಗೇ ಬಿಡುವುದು ಲೇಸು. ಪಶುಸಂಗೋಪನಾ ಇಲಾಖೆಯ ಸಂಚಾರಿ ಚಿಕಿತ್ಸಾ ವಾಹನಗಳಿಗಾಗಿ 1962 ಎಂಬ ಸಹಾಯವಾಣಿಯೂ ಇದೆ. ಈ ನಡುವೆ ನಾಯಿ ಯಾರನ್ನಾದರೂ ಕಚ್ಚಿದರೆ ಆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ರೇಬೀಸ್ ಲಸಿಕೆಗಾಗಿ ಆಸ್ಪತ್ರೆಗೆ ಹೋಗಬೇಕು.

ಇಷ್ಟೆಲ್ಲ ಆರೈಕೆ ಮಾಡಿ ಉಳಿಸಿದ ನಾಯಿಯನ್ನು ತಿಂಗಳು ಕಳೆಯುತ್ತಲೇ ಮತ್ತೆ ಅದೇ ಮಟ್ಟಿಗೆ ನುಗ್ಗಿಸುವುದಾದರೆ ಆರೈಕೆಗೆ ಅರ್ಥವೇನು? ಇಲ್ಲಿಂದ ಮಾತು ಹಕ್ಕಿಯ ಕಡೆಗೆ ಹೊರಳಲೇಬೇಕು.

ಮಲೆನಾಡಿನ ಕಾಡುಕೋಳಿ ಭಾರತದ ಪರ್ಯಾಯ ದ್ವೀಪಕ್ಕೆ ಮಾತ್ರ ಸೀಮಿತವಾದ ಹಕ್ಕಿ. ಜಗತ್ತಿನ ಬೇರೆಲ್ಲೂ ಅದಕ್ಕೆ ನೆಲೆಯಿಲ್ಲ. ಪಶ್ಚಿಮಘಟ್ಟದಲ್ಲಿ ಅದು ಮುಖ್ಯವಾಗಿ ಮೊಟ್ಟೆಯಿಡುವುದು ಫೆಬ್ರವರಿಯಿಂದ ಮೇ ತಿಂಗಳವರೆಗೆ. ಗೂಡು ನೆಲದ ಮೇಲಿನ ಒಂದು ಸಣ್ಣ ತಗ್ಗು, ಅದರಲ್ಲಿ ಸಾಮಾನ್ಯವಾಗಿ ನಾಲ್ಕರಿಂದ ಏಳು ಮೊಟ್ಟೆ, ಕಾವಿನ ಅವಧಿ ಸುಮಾರು 3 ವಾರ. ಕಾವು ಕೂರುವುದು ಹೇಂಟೆಯೊಂದೇ. ಅಂದರೆ ಊರಿನವರಿಗೆ ಬಿಡುವಾಗುವ ಕಾಲವೂ ಕಾಡುಕೋಳಿಯ ಬಾಣಂತನದ ಕಾಲವೂ ಒಂದೇ. ನಾಯಿ ನುಗ್ಗಿದಾಗ ಹೇಂಟೆ ಗೂಡು ಬಿಟ್ಟೇಳುತ್ತದೆ. ಒಂದೂ ಈಡು ಹಾರದೆ ಬರಿಗೈಯಲ್ಲಿ ಮರಳಿದ ಬೇಟೆಯಲ್ಲೂ ಒಂದು ಸಂಸಾರ ಹಾಳಾಗಿರಬಹುದು. ಗದ್ದೆಯಂಚಿನಲ್ಲಿ ನಾಲ್ಕು ಕಾಳು ಹೆಕ್ಕುವ ಈ ಹಕ್ಕಿಯೇ ತರಗೆಲೆ ಕೆದಕಿ ಗೆದ್ದಲು, ಹುಳುಗಳನ್ನು ತಿನ್ನುವುದನ್ನೂ ಕೃಷಿಕರು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇದೇ ತಿಂಗಳುಗಳಿಗೆ ಮೂರನೆಯ ಲೆಕ್ಕವೊಂದಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆ ಹಬ್ಬುವುದು ಉಣುಗುಗಳಿಂದ. ಮನುಷ್ಯರಿಗೆ ಕಾಯಿಲೆ ತರುವ ಮರಿ ಉಣುಗುಗಳು ಹೇರಳವಾಗಿರುವುದು ಚಳಿಗಾಲದ ಕೊನೆಯಿಂದ ಮಳೆ ಹಿಡಿಯುವವರೆಗೆ. ನೆಲದ ಮೇಲೆ ಓಡಾಡುವ ಕಾಡುಕೋಳಿಯಂಥ ಹಕ್ಕಿಗಳ ಮೈಯಲ್ಲೂ ಎಳೆಯ ಉಣುಗುಗಳು ಅಂಟಿಕೊಂಡಿರುವುದನ್ನು ಶಿವಮೊಗ್ಗ ಜಿಲ್ಲೆಯಲ್ಲಿ ನಡೆದ ಅಧ್ಯಯನಗಳು ದಾಖಲಿಸಿವೆ. ತರಗೆಲೆಯಲ್ಲಿ ದಿನವಿಡೀ ಹೊರಳಾಡಿ ಬಂದ ನಾಯಿ ಅವನ್ನು ಜಗಲಿಯವರೆಗೆ ಹೊತ್ತು ತರಬಲ್ಲದು. ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ 2018-19ರಲ್ಲಿ ಈ ಕಾಯಿಲೆ ತಂದ ಸಾವುನೋವನ್ನು ಕಂಡವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ಇನ್ನು ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಜಾರಿಗೆ ಬಂದಾಗ ಪರವಾನಗಿ ಪಡೆದು ಕೆಲವು ಪ್ರಾಣಿಪಕ್ಷಿಗಳನ್ನು ಬೇಟೆಯಾಡಲು ಅವಕಾಶವಿತ್ತು. 1991ರ ತಿದ್ದುಪಡಿ ಆ ಬಾಗಿಲನ್ನು ಮುಚ್ಚಿತು. ಕಾಯಿದೆಯ ದೃಷ್ಟಿಯಲ್ಲಿ ಬೇಟೆಯೆಂದರೆ ಕೊಲ್ಲುವುದಷ್ಟೇ ಅಲ್ಲ. ಉರುಳೊಡ್ಡುವುದು, ಅಟ್ಟುವುದು, ಹಿಡಿಯಲು ಯತ್ನಿಸುವುದು, ಹಕ್ಕಿಯ ಮೊಟ್ಟೆ ಅಥವಾ ಗೂಡನ್ನು ಕೆಡಿಸುವುದು ಎಲ್ಲವೂ ಬೇಟೆಯೇ. 2022ರ ತಿದ್ದುಪಡಿಯ ಮೂಲಕ ಸಾಮಾನ್ಯ ಉಲ್ಲಂಘನೆಗೆ ವಿಧಿಸಬಹುದಾದ ದಂಡದ ಮಿತಿಯೂ 25 ಸಾವಿರದಿಂದ 1 ಲಕ್ಷ ರೂಪಾಯಿಗೆ ಏರಿತು. ಗಾಯಗೊಂಡ ನಾಯಿಯನ್ನು ಹಸಿವು ಬಾಯಾರಿಕೆಗಳಿಂದ ನರಳುವಂತೆ ಕಾಡಿನಲ್ಲೇ ತೊರೆದು ಬರುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಡಿ ಅಪರಾಧ.

ಆದರೆ ಕಾನೂನಿನ ಹೆದರಿಕೆಯಿಂದಷ್ಟೇ ಈ ರೂಢಿ ನಿಲ್ಲದೆಂಬುದಕ್ಕೆ ಕಳೆದ ದಶಕಗಳೇ ಸಾಕ್ಷಿ. ಹೆದರಿಕೆ ಬೇಟೆಯನ್ನು ಕತ್ತಲಿಗೆ ತಳ್ಳಿತು, ನಾಯಿಯ ಗಾಯವನ್ನು ಕೊಟ್ಟಿಗೆಯ ಮೂಲೆಗೆ ತಳ್ಳಿತು. ನಿಲ್ಲಿಸಬೇಕಾದವರು ಊರಿನವರೇ. ಹಿಂದಿನವರು ಬೇಟೆಯಾಡಿರಲಿಲ್ಲವೇ ಎಂಬ ವಾದ ಇಂದಿಗೆ ಸಲ್ಲದು. ಅಂದಿನ ಕಾಡು ಇಂದು ತೋಟ, ರಸ್ತೆ, ಅಣೆಕಟ್ಟು, ನೆಡುತೋಪುಗಳ ನಡುವೆ ತುಂಡುತುಂಡಾಗಿದೆ. ಅಂದು ಒಂದು ಕಣಿವೆಯಲ್ಲಿ ಕಡಿಮೆಯಾದ ಹಕ್ಕಿ ಪಕ್ಕದ ಕಣಿವೆಯಿಂದ ಬಂದು ತುಂಬಿಕೊಳ್ಳುತ್ತಿತ್ತು. ಇಂದು ಹಾಗೆ ಬರಲು ದಾರಿಯೇ ಉಳಿದಿಲ್ಲ.

ಮಾಡಬಹುದಾದ ಕೆಲಸಗಳು ಕಣ್ಣೆದುರಿಗೇ ಇವೆ. ಗ್ರಾಮ ಪಂಚಾಯಿತಿ ಮಟ್ಟದ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ತಮ್ಮ ದಾಖಲಾತಿಯಲ್ಲಿ ಕಾಡುಕೋಳಿ, ಚಿಟ್ಟುಕೋಳಿಗಳ ನೆಲೆಗಳನ್ನು ಬರೆದಿಡಬೇಕು. ಯುವಕ ಸಂಘಗಳು ಅರಣ್ಯ ಇಲಾಖೆಯ ಸಿಬ್ಬಂದಿಯೊಡನೆ ಕಾಡಂಚಿನ ಉರುಳುಗಳನ್ನು ಹುಡುಕಿ ತೆಗೆಯಬೇಕು. ಶಾಲಾ ಕಾಲೇಜುಗಳ ವಿದ್ಯಾರ್ಥಿಗಳು ಮುಂಜಾನೆಯ ಕಾಡುಕೋಳಿಯ ಕೂಗನ್ನು ವರ್ಷದಿಂದ ವರ್ಷಕ್ಕೆ ಎಣಿಸಿ ದಾಖಲಿಸಿದರೆ ಅದು ಬೆಲೆಬಾಳುವ ಮಾಹಿತಿಯಾಗುತ್ತದೆ. ಪ್ರತಿ ಊರಿನಲ್ಲೂ ವರ್ಷಕ್ಕೊಮ್ಮೆ ಪಶುವೈದ್ಯರನ್ನು ಕರೆಸಿ ನಾಯಿಗಳಿಗೆ ರೇಬೀಸ್ ಲಸಿಕೆ ಹಾಕಿಸಿ, ಉಣುಗು ನಿವಾರಣೆಯ ಔಷಧಿ ಕೊಡಿಸಿ, ಗಾಯದ ಪ್ರಥಮ ಚಿಕಿತ್ಸೆಯನ್ನು ಹೇಳಿಕೊಡಿಸಬೇಕು. ಆ ದಿನ ನಾಯಿಯ ಹಳೆಯ ಗಾಯ ಹೇಗಾಯಿತೆಂದು ಊರಿನವರು ಯಾರನ್ನೂ ಹಂಗಿಸದಿರುವುದು ಒಳ್ಳೆಯದು. ಅಂಜಿಕೆ ಹೋದರೆ ನಾಯಿ ಆಸ್ಪತ್ರೆಯ ಬಾಗಿಲು ಕಾಣುತ್ತದೆ.

ಮಲೆನಾಡಿನ ನಾಯಿಗೆ ಕೆಲಸಕ್ಕೇನೂ ಬರವಿಲ್ಲ. ತೋಟಕ್ಕೆ ನುಗ್ಗುವ ಮಂಗಗಳನ್ನು ಬೆದರಿಸಲು, ಗದ್ದೆಯ ಮಾಳದಲ್ಲಿ ರಾತ್ರಿ ಕಾಯುವವನಿಗೆ ಜೊತೆಯಾಗಲು, ಒಂಟಿಮನೆಯ ಅಂಗಳದಲ್ಲಿ ಎಚ್ಚರವಾಗಿರಲು ಅದು ಬೇಕು. ಈ ಕೆಲಸಗಳಿಗೆ ನಾಲ್ಕು ಕಾಲೂ ನೆಟ್ಟಗಿರುವ ನಾಯಿ ಬೇಕು. ಅರ್ಧ ಕಿಲೋ ಮಾಂಸದ ಆಸೆಗೆ ಅದರ ಕಾಲು, ಕಣ್ಣು, ಪ್ರಾಣಗಳನ್ನು ಪಣಕ್ಕಿಡುವುದು ಬೇಸಾಯದ ಲೆಕ್ಕದಲ್ಲೂ ನಷ್ಟ, ನಂಬಿಕೆಯ ಲೆಕ್ಕದಲ್ಲೂ ನಷ್ಟ. ಈ ಬೇಸಿಗೆಯಲ್ಲಿ ಪ್ರತಿ ಊರೂ ಗ್ರಾಮಸಭೆಯಲ್ಲಿ ಒಂದು ನಿರ್ಣಯ ಕೈಗೊಳ್ಳಲಿ: ಕಾಡುಕೋಳಿ ಕಾವಿಗೆ ಕೂರುವ ಕಾಡಿಗೆ ನಾಯಿಯನ್ನು ಬಿಡುವುದಿಲ್ಲ, ಗಾಯಗೊಂಡ ನಾಯಿಯನ್ನು ಬಚ್ಚಿಡುವುದಿಲ್ಲ.