ನೀರು ಹುಯ್ದು ಕಳಿಸಿದರೆ ಇಂಜಿನ್ ಕೆಲಸ ಮುಗಿಯಿತೇ?

ನಮ್ಮ ಚಿಕ್ಕಪ್ಪ ಮಳವಳ್ಳಿಯಲ್ಲಿ ಹಳದಿ ಬೋರ್ಡಿನ ಕಾರು ಓಡಿಸುತ್ತಾರೆ. ಹೋದ ಬೇಸಿಗೆಯಲ್ಲಿ ಹೆಡ್ ಗ್ಯಾಸ್ಕೆಟ್ ಹೋಗಿ ಕಾರು ಒಂದು ಗ್ಯಾರೇಜಿನಲ್ಲಿ ಮೂರು ದಿನ ನಿಂತಿತ್ತು. ಹೆಡ್ ಇಳಿಸಿದರು, ಲೇತ್‌ಗೆ ಕೊಟ್ಟು ಫೇಸಿಂಗ್ ಮಾಡಿಸಿದರು, ಹೊಸ ಗ್ಯಾಸ್ಕೆಟ್ ಕೂರಿಸಿದರು. ಆ ಕೆಲಸದಲ್ಲಿ ತಪ್ಪು ಹುಡುಕಲು ಏನೂ ಇರಲಿಲ್ಲ. ಕೊನೆಗೆ ಹುಡುಗನೊಬ್ಬ ನಲ್ಲಿಗೆ ಪೈಪ್ ಸಿಕ್ಕಿಸಿ ರೇಡಿಯೇಟರ್‌ಗೆ ಬೋರ್‌ವೆಲ್ ನೀರು ಬಿಟ್ಟ, ತುಂಬಿ ಚೆಲ್ಲಿದ ಮೇಲೆ ಕ್ಯಾಪ್ ತಿರುಗಿಸಿ ಬಾನೆಟ್ ಮುಚ್ಚಿದ. 'ಕೂಲೆಂಟು?' ಅಂತ ಚಿಕ್ಕಪ್ಪ ಕೇಳಿದ್ದಕ್ಕೆ ಮೆಕ್ಯಾನಿಕ್ ಹೇಳಿದ್ದು: 'ನಮ್ಮೂರಲ್ಲೇನ್ ಹಿಮ ಬೀಳ್ತದಾ ಅಣ್ಣ? ಏನೂ ಆಗಾಕಿಲ್ಲ ಬುಡಿ.'

ನಾಲ್ಕನೇ ದಿನ ಮದುವೆ ಬಾಡಿಗೆ. ಎಕ್ಸ್‌ಪ್ರೆಸ್‌ವೇ ಮೇಲೆ ಮದ್ದೂರು ದಾಟುತ್ತಿದ್ದಂತೆ ಇಂಜಿನ್ ಕಾದು ನಿಂತಿತು. ಮೊದಲ ಬಿಲ್ 14 ಸಾವಿರ. ಎರಡನೆಯದು 31 ಸಾವಿರ, ಅದೂ ಚಿಕ್ಕಮ್ಮನ ಸಂಘದಿಂದ ತೆಗೆದ ಸಾಲ.

'ಏನೂ ಆಗಾಕಿಲ್ಲ ಬುಡಿ' ಅನ್ನುವ ಈ ಮಾತಿನ ಮೇಲೇ ನನ್ನ ಜಗಳ. ಕೂಲೆಂಟ್ ಇರುವುದು ಹಿಮಕ್ಕಷ್ಟೇ ಅಲ್ಲ. ಬರೀ ನೀರು 100 ಡಿಗ್ರಿಗೆ ಕುದಿಯುತ್ತದೆ. ಅರ್ಧಕ್ಕರ್ಧ ಗ್ಲೈಕಾಲ್ ಬೆರೆಸಿದರೆ ಸುಮಾರು 106 ಡಿಗ್ರಿ. ರೇಡಿಯೇಟರ್ ಕ್ಯಾಪ್ ಒತ್ತಡ ಹಿಡಿದಿಟ್ಟಾಗ ಅದು 125 ಡಿಗ್ರಿಯನ್ನೂ ದಾಟುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಒಳಗಿನ ಕಬ್ಬಿಣ, ಅಲ್ಯೂಮಿನಿಯಂ ತುಕ್ಕು ಹಿಡಿಯದಂತೆ ಅದರಲ್ಲಿ ಸೇರಿಸಿರುವ ರಾಸಾಯನಿಕ. ಬೋರ್‌ವೆಲ್ ನೀರಿನಲ್ಲಿ ಇದ್ಯಾವುದೂ ಇಲ್ಲ, ಇರುವುದು ಸುಣ್ಣ. ಸ್ನಾನದ ಹಂಡೆಯ ತಳದಲ್ಲಿ ಬಿಳಿ ಪದರ ಕಟ್ಟುವುದನ್ನು ನೋಡದವರು ನಮ್ಮ ಕಡೆ ಯಾರಿದ್ದಾರೆ? ಅದೇ ಪದರ ರೇಡಿಯೇಟರ್‌ನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಬೋರ್ ನೀರು ಬೇಡ ಅಂತ ನಾವು ಕುಡಿಯುವ ನೀರಿನ ಘಟಕಕ್ಕೆ ಕ್ಯಾನ್ ಹಿಡಿದು ಹೋಗಿ ನಾಣ್ಯ ಹಾಕುತ್ತೇವೆ. ನಮ್ಮ ಹೊಟ್ಟೆಗೆ ಆಗದ ನೀರು ಎರಡು ಲಕ್ಷದ ಇಂಜಿನ್ನಿಗೆ ಆಗುತ್ತದಂತೆ!

ಆದರೆ ಚಿಕ್ಕಪ್ಪನ ಕಾರು ನಾಲ್ಕೇ ದಿನದಲ್ಲಿ ನಿಂತದ್ದು ಸುಣ್ಣದಿಂದಲ್ಲ, ಸುಣ್ಣಕ್ಕೆ ವರ್ಷಗಳು ಬೇಕು. ನಿಲ್ಲಿಸಿದ್ದು ಗಾಳಿ. ಹೆಡ್ ಇಳಿಸಿದಾಗ ಬ್ಲಾಕ್, ಹೆಡ್, ಹೀಟರ್ ಕೊಳವೆ ಎಲ್ಲ ಬರಿದಾಗುತ್ತವೆ. ಮೇಲಿನಿಂದ ಒಂದೇ ಸಮ ಸುರಿದರೆ ನೀರು ಕೆಳಗಿಳಿಯುತ್ತದೆ, ಗಾಳಿ ಮೂಲೆಗಳಲ್ಲಿ ಸಿಕ್ಕಿಕೊಳ್ಳುತ್ತದೆ. ರೇಡಿಯೇಟರ್ ಬಾಯಿಯವರೆಗೆ ತುಂಬಿದಂತೆ ಕಂಡರೂ ಅತಿ ಹೆಚ್ಚು ಕಾಯುವ ಹೆಡ್ಡಿನ ಒಳಗೇ ಪೊಳ್ಳು ಉಳಿದಿರಬಹುದು. ಟೆಂಪರೇಚರ್ ಸೆನ್ಸರ್ ಆ ಪೊಳ್ಳಿನಲ್ಲಿ ಸಿಕ್ಕಿದರೆ ಮುಳ್ಳೂ ಸುಳ್ಳು ಹೇಳುತ್ತದೆ. ಈಗಿನ ಎಷ್ಟೋ ಚಿಕ್ಕ ಕಾರುಗಳಲ್ಲಿ ಮುಳ್ಳೇ ಇಲ್ಲ, ಕೆಂಪು ದೀಪ ಹತ್ತುವ ಹೊತ್ತಿಗೆ ಹೆಡ್ ಬೆಂಡಾಗಿರುತ್ತದೆ. ಆಯಿಲ್ ಸ್ಟಿಕ್ ಎಳೆದರೆ ಆಯಿಲ್ಲು ಹಾಲು ಬೆರೆಸಿದ ಕಾಫಿಯ ಬಣ್ಣ.

ಗಾಳಿ ತೆಗೆಯುವುದು ದೊಡ್ಡ ವಿದ್ಯೆಯೇನಲ್ಲ, ಬೇಕಾಗಿರುವುದು ಒಂದು ಗಂಟೆ. ಇಂಜಿನ್ ತಣ್ಣಗಿರುವಾಗಲೇ ಕಾರಿನ ಮುಂಭಾಗ ಸ್ವಲ್ಪ ಎತ್ತರಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ನಿಧಾನಕ್ಕೆ ಹುಯ್ಯಬೇಕು. ಬ್ಲೀಡ್ ಸ್ಕ್ರೂ ಇದ್ದರೆ ಸಡಿಲಿಸಬೇಕು. ಕ್ಯಾಪ್ ತೆಗೆದೇ ಸ್ಟಾರ್ಟ್ ಮಾಡಿ ಗುಳ್ಳೆ ಬರುವುದನ್ನು ನೋಡುತ್ತಾ, ಮಟ್ಟ ಇಳಿದಂತೆ ತುಂಬುತ್ತಾ ಇರಬೇಕು. 82ರಿಂದ 88 ಡಿಗ್ರಿ ಆಸುಪಾಸಿನಲ್ಲಿ ಥರ್ಮೋಸ್ಟಾಟ್ ತೆರೆದು ಮೇಲಿನ ಹೋಸ್ ಬಿಸಿಯಾದಾಗ ಮಟ್ಟ ಮತ್ತೆ ಕುಸಿಯುತ್ತದೆ. ಅಲ್ಲಿಯವರೆಗೆ ಕಾಯುವ ತಾಳ್ಮೆ ಯಾರಿಗೂ ಇಲ್ಲ. ಗುಳ್ಳೆ ನಿಂತ ಮೇಲೆ ಕ್ಯಾಪ್ ಹಾಕಿ, ಫ್ಯಾನ್ ಎರಡು ಸಲ ತಿರುಗಿ ನಿಲ್ಲುವವರೆಗೆ ಬಿಟ್ಟು, ಮಾರನೆಯ ಬೆಳಿಗ್ಗೆ ಇಂಜಿನ್ ಆರಿದ ಮೇಲೆ ಡಬ್ಬದ ಮಟ್ಟ ನೋಡಬೇಕು. ಕಾರಿನಿಂದ ಕಾರಿಗೆ ಕ್ರಮ ಸ್ವಲ್ಪ ಬೇರೆ. ಕೆಲವಕ್ಕೆ ರೇಡಿಯೇಟರ್ ಮೇಲೆ ಕ್ಯಾಪೇ ಇರುವುದಿಲ್ಲ. ಆದರೆ ಒಂದು ಲೆಕ್ಕ ಎಲ್ಲಕ್ಕೂ ಒಂದೇ. ಮ್ಯಾನ್ಯುಯಲ್‌ನಲ್ಲಿ ನಾಲ್ಕೂವರೆ ಲೀಟರ್ ಅಂತ ಬರೆದಿದ್ದು, ಪೂರ್ತಿ ಬರಿದಾದ ಇಂಜಿನ್ನಿಗೆ ಮೂರೇ ಲೀಟರ್ ಹಿಡಿಸಿದರೆ ಉಳಿದ ಒಂದೂವರೆ ಗಾಳಿ. ಅಳೆದು ಹುಯ್ಯಲು ಬೇಕಾದದ್ದು ಒಂದು ಲೀಟರಿನ ಖಾಲಿ ಬಾಟಲಿ.

ಕಾದರೆ 'ವಾಲ್ವ್ ತೆಗೆದುಬುಡಿ' ಅನ್ನುವ ಇನ್ನೊಂದು ವೈದ್ಯವಿದೆ. ಥರ್ಮೋಸ್ಟಾಟ್ ಕಿತ್ತು ಬಿಸಾಡಿದರೆ ಇಂಜಿನ್ ಬೇಕಾದಷ್ಟು ಬಿಸಿಯಾಗದೆ ಹೆಚ್ಚು ಇಂಧನ ಕುಡಿಯುತ್ತದೆ. ಕೆಟ್ಟಿದ್ದರೆ ಹೊಸದು ಹಾಕಿ.

ಮುಂಚೆ ಇಂಥ ಅರೆಬರೆ ಕೆಲಸ ಹೇಗೋ ನಡೆದುಹೋಗುತ್ತಿತ್ತು. ಹಳೇ ರಸ್ತೆಯಲ್ಲಿ ಊರಿಗೊಂದು ಹಂಪು, ಮದ್ದೂರಿನಲ್ಲಿ ವಡೆಗೆ ನಿಲ್ಲಿಸಿದರೆ ಇಂಜಿನ್ನಿಗೂ ವಿಶ್ರಾಂತಿ. 2023ರ ಮಾರ್ಚ್ 12ರಂದು ಗೆಜ್ಜಲಗೆರೆಯಲ್ಲಿ ಪ್ರಧಾನಿ ಉದ್ಘಾಟಿಸಿದ ಈ ರಸ್ತೆ ಮದ್ದೂರನ್ನೂ ಮಂಡ್ಯವನ್ನೂ ಬದಿಗೆ ಬಿಟ್ಟು ಹೋಗುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಒಂದೇ ಓಟ. ಹೊಗೆ ಬಂದಾಗ ಪಕ್ಕದಲ್ಲಿ ಗ್ಯಾರೇಜಿಲ್ಲ, ತಂತಿ ಬೇಲಿ. ಹೆಂಗಸರು ಮಕ್ಕಳನ್ನು ಇಳಿಸಿ ಲಾರಿಗಳ ಪಕ್ಕ ನಿಲ್ಲಿಸಿಕೊಳ್ಳಬೇಕು.

ಮೆಕ್ಯಾನಿಕ್‌ಗಳನ್ನಷ್ಟೇ ಬೈದರೆ ಅನ್ಯಾಯವಾದೀತು. ಬಿಲ್ಲಿನಲ್ಲಿ ಕೂಲೆಂಟ್ ಅಂತ ಸಾವಿರ ಚಿಲ್ಲರೆ ಬರೆದರೆ ಮೊದಲು ಹೊಡೆದುಹಾಕಿಸುವವರು ನಾವು. ಸಂಜೆ ಆರಕ್ಕೆ ಬಾಡಿಗೆ ಇದೆ, ಬೇಗ ಕೊಡಿ ಅಂತ ತಲೆಯ ಮೇಲೆ ನಿಲ್ಲುವವರೂ ನಾವೇ. ನಮ್ಮ ಚಿಕ್ಕಪ್ಪನೂ ಅವತ್ತು ನಿಂತಿದ್ದರು. ಆ ಒಂದು ಗಂಟೆಗೆ ಕೂಲಿ ಕೇಳುವ ಹಕ್ಕು ಮೆಕ್ಯಾನಿಕ್‌ಗೆ ಇದೆ. ಕೇಳಲಿ, ಬಿಲ್ಲಿನಲ್ಲಿ ಬೇರೆ ಸಾಲಾಗಿಯೇ ಬರೆಯಲಿ. ಹಾಕಿದ ಕೂಲೆಂಟ್ ಯಾವುದು, ಎಷ್ಟು ಲೀಟರ್ ಅನ್ನುವುದನ್ನೂ ಬರೆಯಲಿ. ಹಸಿರು, ಕೆಂಪು ಅಂತ ಬಣ್ಣ ನೋಡಿ ಬೆರೆಸುವುದು ಬೇಡ. ರೆಡಿಮಿಕ್ಸ್‌ಗೆ ಮತ್ತೆ ನೀರು ಸೇರಿಸುವುದೂ ಬೇಡ. ಬೆರೆಸಲೇಬೇಕಾದ ಕೂಲೆಂಟಾದರೆ ಡಿಸ್ಟಿಲ್ಡ್ ವಾಟರ್ ಸಿಗದ ಊರು ಯಾವುದೂ ಇಲ್ಲ.

ಕೂಲೆಂಟ್ ಹಾಕಿ ಅನ್ನುವವನು ಅದು ವಿಷ ಅನ್ನುವುದನ್ನೂ ಹೇಳಬೇಕು. ಗ್ಲೈಕಾಲ್ ರುಚಿ ಸಿಹಿ. ನೆಲದಲ್ಲಿ ಚೆಲ್ಲಿದ್ದನ್ನು ನಾಯಿ ನೆಕ್ಕುತ್ತದೆ, ದನ ಮೂಸುತ್ತದೆ, ಹೊಟ್ಟೆಗೆ ಹೋದರೆ ಕಿಡ್ನಿ ಹಾಳು. ಇಳಿಸಿದ ಹಳೆಯದನ್ನು ಚರಂಡಿಗೆ ಬಿಟ್ಟರೆ ಅದು ಯಾರ ಗದ್ದೆಯ ಕಾಲುವೆಗೆ ಸೇರುತ್ತದೆ ಅಂತ ಕೇಳುವವರಿಲ್ಲ. ಸುಟ್ಟ ಆಯಿಲನ್ನು ಡ್ರಮ್ಮಿನಲ್ಲಿ ಕೂಡಿಟ್ಟು ಮಾರುವ ಗ್ಯಾರೇಜಿನಲ್ಲಿ ಇದಕ್ಕೂ ಒಂದು ಮುಚ್ಚಳದ ಕ್ಯಾನ್ ಇಡಲು ಜಾಗ ಇದ್ದೇ ಇರುತ್ತದೆ.