ನದಿ ನೂರು ಕಿಲೋಮೀಟರಿನಾಚೆ ಮಾತ್ರವೆ?

ದಕ್ಷಿಣ ಬೆಂಗಳೂರಿನ ಸದ್ಗೃಹಸ್ಥರಲ್ಲಿ ಈಚೆಗೆ ಒಂದು ಹೊಸ ವ್ರತ ಬಳಕೆಗೆ ಬಂದಿದೆ. ಅದನ್ನು ನದೀದರ್ಶನವೆಂದು ಕರೆಯೋಣ. ಮುಂಗಾರು ಹಿಡಿಯಿತೆಂದರೆ ಸಾಕು, ಜಯನಗರ, ಜೆ.ಪಿ. ನಗರ, ಬನಶಂಕರಿಗಳ ಮಂದಿ ಶನಿವಾರ ಬೆಳಕು ಹರಿಯುವ ಮುನ್ನವೇ ಕಾರಿನಲ್ಲಿ ಕುಳಿತು ಕನಕಪುರದ ರಸ್ತೆ ಹಿಡಿಯುತ್ತಾರೆ. ಸುಮಾರು ನೂರು ಕಿಲೋಮೀಟರಿನಾಚೆ ಭೀಮೇಶ್ವರಿಯಲ್ಲಿ ಕಾವೇರಿಯನ್ನು ಕಂಡು, ಹಣ ತೆತ್ತು ದೋಣಿ ಹತ್ತಿ, ಭಾನುವಾರ ರಾತ್ರಿ ಮರಳುತ್ತಾರೆ. ಸೋಮವಾರ ಕಛೇರಿಯಲ್ಲಿ ಒಂದೇ ಮಾತು: “ಆಹಾ, ನದಿಯೆಂದರೆ ಅದು!” ವ್ರತದ ಮೇಲೆ ನನಗೇನೂ ಹಗೆಯಿಲ್ಲ. ಆದರೆ ಮನೆಗೆ ಬಂದು ಸ್ನಾನ ಮಾಡಿದ ನೀರು ಯಾವ ನದಿಗೆ ಹೋಗುತ್ತದೆಂದು ಈ ಭಕ್ತಾದಿಗಳು ಒಮ್ಮೆಯೂ ಕೇಳುವುದಿಲ್ಲವಲ್ಲ, ನನ್ನ ತಕರಾರು ಇರುವುದು ಅಲ್ಲಿ.

ಆ ಪ್ರಶ್ನೆ ಮೊದಲು ಕೇಳಿದವನು ನಾನಲ್ಲ, ನನ್ನ ತಂದೆ. ಕಳೆದ ಮಳೆಗಾಲದಲ್ಲಿ ಅವರನ್ನು ಭೀಮೇಶ್ವರಿಗೆ ಕರೆದೊಯ್ದಿದ್ದೆ. ಅವರಿಗೆ 76 ವರ್ಷ. ಈ ವಯಸ್ಸಿನಲ್ಲಿ, ಈ ಮಳೆಯಲ್ಲಿ, ದೋಣಿಯಾಟವೆ? ಎಂದು ನೆಂಟರೆಲ್ಲ ಹುಬ್ಬೇರಿಸಿದರು. ಅಣೆಕಟ್ಟೆಗಳ ಬಾಗಿಲು ತೆರೆದು ಪ್ರವಾಹ ಬಂದ ದಿನಗಳಲ್ಲಿ ಯಾರೂ ಅಲ್ಲಿ ನೀರಿಗಿಳಿಯಬಾರದು, ನಿಜ. ಅಂದು ಹೊಳೆ ಶಾಂತವಾಗಿತ್ತು, ಜಿನುಗುಮಳೆ ಮಾತ್ರ. ಕಯಾಕ್ ಎಂದರೆ ಕಾಲು ಚಾಚಿ ಕೂರುವ ಉದ್ದನೆಯ ಕಿರುದೋಣಿ. ಅದರ ಹುಟ್ಟಿಗೆ ಎರಡು ತುದಿಯಲ್ಲೂ ಹಲಗೆ. ಮೈಗೆ ತೇಲುವ ಅಂಗಿ ಬಿಗಿದುಕೊಂಡು ಅಪ್ಪ ಮುಂದೆ ಕುಳಿತರು, ನಾನು ಹಿಂದೆ. ಅರ್ಧ ಗಂಟೆಯಲ್ಲಿ ಹುಟ್ಟಿನ ಹದ ಅವರಿಗೆ ಸಿಕ್ಕಿತ್ತು. ಮಳೆಹನಿ ನೀರಿನ ಮೇಲೆ ಬೀಳುವುದನ್ನು ನೋಡುತ್ತ ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಕೇಳಿದರು:

“ನಮ್ಮ ನಲ್ಲಿಯಲ್ಲಿ ಬರುವುದು ಇದೇ ಹೊಳೆಯ ನೀರು ತಾನೆ?”

“ಹೌದಪ್ಪ.”

“ತಂದದ್ದು ಇಲ್ಲಿಂದ. ಸರಿ. ವಾಪಸು ಕೊಡುವುದು ಎಲ್ಲಿಗೆ?”

ಪ್ರಶ್ನೆ ಸಣ್ಣದು. ಉತ್ತರ ಮಾತ್ರ ನಮ್ಮ ಮಾನ ಕಳೆಯುವಂಥದು.

ಕಾವೇರಿ ನೀರಿನ ಮೊದಲ ಹಂತದ ಯೋಜನೆ ಬೆಂಗಳೂರಿಗೆ ಬಂದದ್ದು 1974ರಲ್ಲಿ. ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿಗಳ ಮೇಲೆ ಹಾಯ್ದು, ಸುಮಾರು 500 ಮೀಟರ್ ಎತ್ತರಕ್ಕೆ ಯಂತ್ರಗಳು ನೀರನ್ನು ಎತ್ತಿ ತರುತ್ತವೆ. 2024ರ ಅಕ್ಟೋಬರಿನಲ್ಲಿ ಐದನೆಯ ಹಂತವೂ ಬಂತು. ಅದೊಂದರಿಂದಲೇ ದಿನಕ್ಕೆ 77.5 ಕೋಟಿ ಲೀಟರ್. ಬಳಸಿದ ನೀರಿನಲ್ಲಿ ನೂರಕ್ಕೆ ಸುಮಾರು 80 ಪಾಲು ಕೊಳಚೆಯಾಗಿ ಹೊರಬೀಳುವುದೆಂದು ಇಂಜಿನಿಯರುಗಳ ಲೆಕ್ಕ. ಬಸವನಗುಡಿ, ಬನಶಂಕರಿಗಳ ಪಡುವಣ ಮಗ್ಗುಲಿನದು ವೃಷಭಾವತಿಗೆ ಸೇರಿ, ಬೈರಮಂಗಲದ ಕೆರೆ ಹೊಕ್ಕು ಹೊರಟು, ಅರ್ಕಾವತಿಯನ್ನು ಕೂಡಿ, ಸಂಗಮದಲ್ಲಿ ಕಾವೇರಿಗೇ ಬೀಳುತ್ತದೆ. ನಾವು ಕಯಾಕ್ ನಡೆಸುವ ಭೀಮೇಶ್ವರಿ ಆ ಸಂಗಮಕ್ಕೆ ಮೇಲಿದೆ. ತಿಳಿನೀರಿನಲ್ಲಿ ನಾವು ಆಡುತ್ತೇವೆ. ನಮ್ಮ ಬಚ್ಚಲನ್ನು ಕೆಳಗಿನವರ ಪಾಲಿಗೆ ಬಿಡುತ್ತೇವೆ. ಜಯನಗರ, ಬಿ.ಟಿ.ಎಂ. ಬಡಾವಣೆಗಳವರು ಹಿಗ್ಗಬೇಕಾಗಿಲ್ಲ. ಅವರ ಬಹುಪಾಲು ನೀರಿನ ದಾರಿ ಬೆಳ್ಳಂದೂರಿನ ಕಡೆಗೆ. ಆ ಕೆರೆ ನೊರೆ ಕಾರಿದ್ದನ್ನೂ, 2018ರ ಜನವರಿಯಲ್ಲಿ ಅದಕ್ಕೆ ಬೆಂಕಿ ಹತ್ತಿದ್ದನ್ನೂ ಲೋಕವೇ ನೋಡಿತು.

“ಆದರೆ ವೃಷಭಾವತಿ ನದಿಯೇನಲ್ಲ ಸ್ವಾಮಿ, ಅದು ದೊಡ್ಡ ಮೋರಿ” ಎಂಬ ಸಮಾಧಾನ ಸಿದ್ಧವಾಗಿದೆ. ಬಸವನಗುಡಿಯ ನಂದಿಯ ಪಾದದಲ್ಲಿ ಹುಟ್ಟಿತೆಂಬ ಪ್ರತೀತಿಯಿಂದಲೇ ಅದಕ್ಕೆ ಆ ಹೆಸರು. ಅದರ ದಂಡೆಯಲ್ಲಿ ಗಾಳಿ ಆಂಜನೇಯನ ಗುಡಿಯಿದೆ. ಚಿಕ್ಕವರಿದ್ದಾಗ ಆ ನೀರಿನಲ್ಲಿ ಕಾಲು ತೊಳೆದು ದರ್ಶನಕ್ಕೆ ಹೋಗುತ್ತಿದ್ದುದನ್ನು ಅಪ್ಪ ಇಂದಿಗೂ ಹೇಳುತ್ತಾರೆ. ಮೋರಿಯಲ್ಲಿ ಕಾಲು ತೊಳೆದು ಯಾರಾದರೂ ದೇವರ ಬಳಿಗೆ ಹೋದಾರೆಯೆ? ಮೊದಲು ಕೊಳಚೆ ಬಿಟ್ಟೆವು, ಆಮೇಲೆ ಹೆಸರು ಕಿತ್ತುಕೊಂಡೆವು. ಹೆಸರು ಹೋದ ಮೇಲೆ ಕಸ ಸುರಿಯುವವನಿಗೂ ಅಳುಕಿಲ್ಲ, ನೋಡಿ ಸುಮ್ಮನಿರುವವನಿಗೂ ನಾಚಿಕೆಯಿಲ್ಲ.

ಇನ್ನು ಕೆಲವರು ಹಾಸ್ಯಪ್ರಿಯರು. ಜೋರು ಮಳೆ ಬಿದ್ದ ಮರುದಿನ, “ಕಯಾಕಿಗೆ ಅಷ್ಟು ದೂರವೇಕೆ? ನಮ್ಮ ಬೀದಿಯಲ್ಲೇ ನಡೆಸಬಹುದಲ್ಲ” ಎನ್ನುತ್ತಾರೆ. 2025ರ ಮೇ ತಿಂಗಳಲ್ಲಿ ಬಿ.ಟಿ.ಎಂ. ಬಡಾವಣೆಯ ಒಂದು ವಸತಿ ಕಟ್ಟಡದ ನೆಲಮಾಳಿಗೆಗೆ ನುಗ್ಗಿದ ಮಳೆನೀರನ್ನು ಹೊರಹಾಕುವಾಗ ವಿದ್ಯುತ್ ತಗುಲಿ ಇಬ್ಬರು ಸತ್ತರು. ಒಬ್ಬ 12 ವರ್ಷದ ಬಾಲಕ. ನೀರಿನ ದಾರಿಯನ್ನು ಕಟ್ಟಿದವರು ನೀರು ಮನೆಗೆ ಬಂದಾಗ ನಗುವುದು ನನಗೆ ಅರ್ಥವಾಗುವುದಿಲ್ಲ.

“ಇದೆಲ್ಲ ಸರಕಾರದ ಕೆಲಸ” ಎಂಬುದು ಕಡೆಯ ಉತ್ತರ. ಕೊಳಚೆ ಶುದ್ಧಿ ಸರಕಾರದ ಕೆಲಸವೇ. ಕೈಗಾರಿಕೆಗಳನ್ನು ಹದ್ದಿನಲ್ಲಿಡುವುದೂ ಅದರದೇ. ಆದರೆ ಕೆಲಸ ಮಾಡಿಸಿಕೊಳ್ಳುವವರು ಯಾರು? 2020ರ ಸೆಪ್ಟೆಂಬರಿನಲ್ಲಿ ನಗರಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಅದಕ್ಕಾಗಿ ನಮ್ಮ ಬಡಾವಣೆಗಳಲ್ಲಿ ಎಷ್ಟು ಸಭೆಗಳಾದವು? ಅದಿರಲಿ, ನಮ್ಮ ಕೈಯಲ್ಲೇ ಇರುವುದನ್ನಾದರೂ ನೋಡೋಣ. ನಿಮ್ಮ ಕಟ್ಟಡದ ಶುದ್ಧೀಕರಣ ಯಂತ್ರ ದಿನವೂ ನಡೆಯುತ್ತಿದೆಯೆ, ಅಥವಾ ವಿದ್ಯುತ್ತಿನ ಖರ್ಚು ಉಳಿಸಲು ಮಲಗಿಸಿದ್ದೀರೋ? ನಿಮ್ಮ ಶೌಚಾಲಯದ ಕೊಳವೆ ಒಳಚರಂಡಿಗೆ ಸೇರಿದೆಯೋ, ಮಳೆನೀರಿನ ಕಾಲುವೆಗೋ? ದೋಣಿಯ ಬಾಡಿಗೆಗೆ ಸಾವಿರಗಟ್ಟಲೆ ಎಣಿಸಿಕೊಡುವ ಕೈ, ಸಂಘದ ಸಭೆಯಲ್ಲಿ ಇವೆರಡನ್ನು ಕೇಳಲು ಏಕೆ ಮೇಲೇಳುವುದಿಲ್ಲ?

ನದಿಗೆ ಹೋಗಬೇಡಿರೆಂದು ನಾನು ಹೇಳುತ್ತಿಲ್ಲ. ಹೋಗಿ, ಮನೆಯಲ್ಲಿ ಹಿರಿಯರಿದ್ದರೆ ಅವರನ್ನೂ ಕರೆದುಕೊಂಡು ಹೋಗಿ, ಹದವಾದ ಮಳೆಯಿದ್ದರೆ ಇನ್ನೂ ಚೆನ್ನ. ಆದರೆ ಹೊರಡುವ ಮುನ್ನ ಮೈಸೂರು ರಸ್ತೆಯಲ್ಲಿ ಒಂದು ಗಳಿಗೆ ಕಾರು ನಿಲ್ಲಿಸಿ, ತಡೆಗೋಡೆಯ ಮೇಲಿಂದ ವೃಷಭಾವತಿಯನ್ನು ಬಗ್ಗಿ ನೋಡಿ. ಮೂಗು ಮುಚ್ಚಿಕೊಳ್ಳಬೇಕಾದೀತು, ಮುಚ್ಚಿಕೊಳ್ಳಿ. ಕಣ್ಣು ಮುಚ್ಚಿಕೊಳ್ಳದಿದ್ದರೆ ಸದ್ಯಕ್ಕೆ ಅಷ್ಟೇ ಸಾಕು.