ಎಡದ ಕಿಟಕಿಯೋ, ಬಲದ ಕಿಟಕಿಯೋ?

ನಮ್ಮ ದೊಡ್ಡಮ್ಮನವರು ತಮ್ಮ ಎಪ್ಪತ್ತಾರನೆಯ ವಯಸ್ಸಿನಲ್ಲಿ ವಿಮಾನದಲ್ಲಿ ಕಾಶಿಗೆ ಹೋಗಿಬಂದರು. ಗೌನಿಪಲ್ಲಿಗೆ ಹಿಂದಿರುಗಿದೊಡನೆ ನೆರೆಹೊರೆಯವರೆಲ್ಲ ಸೇರಿ, "ಆಕಾಶದಿಂದ ಏನೇನು ಕಂಡಿತು?" ಎಂದು ಕೇಳಿದರು. "ಬಿಳೀ ರೆಕ್ಕೆ ಕಂಡಿತಪ್ಪಾ. ಹೋಗುವಾಗಲೂ ಅದೇ, ಬರುವಾಗಲೂ ಅದೇ" ಎಂದರು. ಎಲ್ಲರೂ ನಕ್ಕರು. ಟಿಕೇಟು ತೆಗೆದವನು ನಾನು. ಕಿಟಕಿಯ ಪಕ್ಕದ ಆಸನ ದೊರೆತರೆ ಸಾಕೆಂದು ಭಾವಿಸಿದ್ದೆ. ಮರುವರ್ಷವೇ ಅವರು ಲಿಂಗೈಕ್ಯರಾದರು.

ಕಳೆದ ಕಾರ್ತಿಕದಲ್ಲಿ ನಮ್ಮ ತಾಯಿಯವರನ್ನು ಅದೇ ಕಾಶಿಗೆ ಕರೆದೊಯ್ಯುವ ಸಂದರ್ಭ ಒದಗಿದಾಗ ಆ ಮಾತು ನನ್ನನ್ನು ಸುಮ್ಮನಿರಗೊಡಲಿಲ್ಲ. ತಾಯಿಯವರ ಅಪೇಕ್ಷೆ ಒಂದೇ: "ನಮ್ಮ ಸೀಮೆಯ ಕೆರೆಗಳನ್ನು ಒಮ್ಮೆ ಮೇಲಿನಿಂದ ನೋಡಬೇಕು." ಹಾಗಾಗಿ ಈ ಬಾರಿ ಭೂಪಟವನ್ನು ಹರಡಿಕೊಂಡು ಕುಳಿತೆ.

2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣವು ಆರಂಭವಾದ ಮೇಲೆ ಶ್ರೀನಿವಾಸಪುರ ತಾಲ್ಲೂಕಿನ ನಮಗೆ ಬೆಂಗಳೂರು ನಗರವನ್ನು ಹೊಗುವ ಕಷ್ಟ ತಪ್ಪಿದೆ. ಅಲ್ಲಿಯ ಓಡುದಾರಿಗಳು ಪೂರ್ವ-ಪಶ್ಚಿಮವಾಗಿವೆ. ವಿಮಾನವು ಗಾಳಿಗೆ ಎದುರಾಗಿ ಏರುವುದರಿಂದ, ಮುಂಗಾರಿನಲ್ಲಿ ಸಾಮಾನ್ಯವಾಗಿ ಪಶ್ಚಿಮದ ಕಡೆಗೂ, ಹಿಂಗಾರಿನ ಮೂಡುಗಾಳಿಯ ದಿನಗಳಲ್ಲಿ ಪೂರ್ವದ ಕಡೆಗೂ ಏರುತ್ತದೆ. ನಂದಿಬೆಟ್ಟವು ನಿಲ್ದಾಣಕ್ಕೆ ಉತ್ತರದಲ್ಲಿದೆ. ಆದ್ದರಿಂದ ಏರುವಾಗ ಆಷಾಢದಲ್ಲಿ ಬಲಕ್ಕೆ ಕಾಣುವ ಬೆಟ್ಟವು ಕಾರ್ತಿಕದಲ್ಲಿ ಎಡಕ್ಕೆ ಕಾಣುತ್ತದೆ!

ಬೆಂಗಳೂರಿನಿಂದ ಕಾಶಿಗೆ ಅಳತೆಪಟ್ಟಿಯನ್ನಿಟ್ಟು ಗೆರೆ ಎಳೆದಾಗ ನನಗೆ ರೋಮಾಂಚನವಾಯಿತು. ಗೆರೆಯು ಶ್ರೀಶೈಲದ ಮಗ್ಗುಲಲ್ಲೇ ಹಾದಿತ್ತು. ಬೆಂಗಳೂರಿನಿಂದ ಅಲ್ಲಿಗೆ ನೇರ ದೂರ ಸುಮಾರು 345 ಕಿಲೋಮೀಟರು; ಹಾರಿದ ಮುಕ್ಕಾಲು ಗಂಟೆಯೊಳಗೆ ಮಲ್ಲಿಕಾರ್ಜುನನ ಸನ್ನಿಧಿ! ಅಷ್ಟು ಎತ್ತರದಿಂದ ಗುಡಿಯನ್ನು ಗುರುತಿಸಲಾಗದು. ಆದರೆ ನಲ್ಲಮಲ ಕಾಡಿನ ನಡುವೆ ಕಮರಿಯಲ್ಲಿ ಬಳುಕುವ ಕೃಷ್ಣೆಯೂ, ಅಣೆಕಟ್ಟಿನ ಹಿಂದೆ ಕೊಂಬೆ ಕೊಂಬೆಯಾಗಿ ಹರಡಿದ ನೀರೂ ಕಣ್ತಪ್ಪಿಹೋಗುವಂಥವಲ್ಲ. ವಿಮಾನವು ಗೆರೆಯ ಮೇಲೆಯೇ ಹೋಗಬೇಕೆಂಬ ನಿಯಮವಿಲ್ಲ. ಇಪ್ಪತ್ತು ಮೂವತ್ತು ಕಿಲೋಮೀಟರು ಆಚೀಚೆ ಸರಿದರೆ ನದಿಯು ಎಡಕ್ಕೂ ಬರಬಹುದು, ಬಲಕ್ಕೂ ಬರಬಹುದು. ಇದನ್ನು ಮುಂದಾಗಿ ತಿಳಿಯುವ ಉಪಾಯವಿಲ್ಲ.

ತಿಳಿಯಬಹುದಾದುದು ಸೂರ್ಯನ ಸ್ಥಾನ. ಬೆಳಗ್ಗೆ ಉತ್ತರಕ್ಕೆ ಹೋಗುವಾಗ ಬಿಸಿಲು ಬಲಗಡೆ. ಆ ಕಿಟಕಿಯಲ್ಲಿ ಕುಳಿತವರಿಗೆ ಕೆರೆಗಳು ಕನ್ನಡಿಗಳಂತೆ ಹೊಳೆಯುತ್ತವೆ ನಿಜ, ಆದರೆ ಹೊಲ, ಬೆಟ್ಟ, ಊರುಗಳೆಲ್ಲ ಮಂಜು ಮಂಜು. ಸೂರ್ಯನಿಗೆ ಬೆನ್ನಾದ ಕಡೆಯಲ್ಲಿ ಬಣ್ಣಗಳೂ ನೆರಳುಗಳೂ ಸ್ಪಷ್ಟ. ತಾಯಿಯವರಿಗೆ ಒಂದು ಕಣ್ಣಿನ ಪೊರೆ ತೆಗೆಸಿದೆ, ಇನ್ನೊಂದಕ್ಕೆ ಝಳ ತಾಳದು. ಆದರೆ ನಮ್ಮ ಚಿಂತಾಮಣಿ, ಶ್ರೀನಿವಾಸಪುರಗಳ ಸೀಮೆ ಇರುವುದು ಹೋಗುವಾಗಿನ ಬಲಕ್ಕೆ, ಬಿಸಿಲಿನ ಕಡೆಗೆ! ಒಂದು ದಿನವೆಲ್ಲ ಇದೇ ಯೋಚನೆಯಾಯಿತು. ಕೊನೆಗೆ ಹೊಳೆದದ್ದು ಬಲು ಸುಲಭದ ಮಾತು. ಸಂಜೆ ದಕ್ಷಿಣಕ್ಕೆ ಬರುವಾಗ ಸೂರ್ಯನು ಪಶ್ಚಿಮದಲ್ಲಿ, ಎಂದರೆ ಮತ್ತೆ ಬಲಕ್ಕೇ ಇರುತ್ತಾನೆ. ಆಗ ಎಡದ ಕಿಟಕಿಗೆ ಪೂರ್ವದ ಸೀಮೆ, ನಮ್ಮದೇ ಸೀಮೆ, ಇಳಿಬಿಸಿಲಿನಲ್ಲಿ ತೆರೆದಿರುತ್ತದೆ. ಎರಡು ಪಯಣಕ್ಕೂ 'ಎ' ಅಕ್ಷರದ ಎಡ ಆಸನವನ್ನೇ ಗೊತ್ತು ಮಾಡಿದೆ.

ಇನ್ನು ರೆಕ್ಕೆಯ ವಿಚಾರ. ಈ ಮಾರ್ಗದಲ್ಲಿ ಕಾಣುವ ಎ-320 ಜಾತಿಯ ವಿಮಾನದಲ್ಲಿ ಹತ್ತರಿಂದ ಇಪ್ಪತ್ತರ ಆಸುಪಾಸಿನ ಸಾಲುಗಳು ರೆಕ್ಕೆಯ ನೆತ್ತಿಯ ಮೇಲೆಯೇ ಇರುತ್ತವೆ. ತುರ್ತು ಬಾಗಿಲಿನ ಸಾಲಂತೂ ವಯೋವೃದ್ಧರಿಗೆ ಸಲ್ಲದು. ಮುಂದಿನ ಸಾಲುಗಳ ನೋಟ ಉತ್ತಮ, ಬೆಲೆ ಹೆಚ್ಚು. ತೀರ ಹಿಂದಿನ ಸಾಲುಗಳಲ್ಲಿ ಎಂಜಿನ್ನಿನ ಬಿಸಿಗಾಳಿಯಿಂದ ನೋಟ ಕೊಂಚ ನಡುಗುತ್ತದೆ. ಆದರೂ ರೆಕ್ಕೆಗಿಂತ ಲೇಸು. ಬೋಯಿಂಗ್ 737ರ ಕೆಲವು ವಿಮಾನಗಳಲ್ಲಿ ಒಂದೆರಡು ಸಾಲಿಗೆ ಗೋಡೆಯೇ ಹೊರತು ಕಿಟಕಿಯೇ ಇರುವುದಿಲ್ಲ. ಹಣ ತೆರುವ ಮುನ್ನ ವಿಚಾರಿಸಿಕೊಳ್ಳಿರಿ. ಚಿಕ್ಕ ಊರುಗಳಿಗೆ ಹೋಗುವ ಎಟಿಆರ್ ಪಂಖದ ವಿಮಾನಗಳಿಗೆ ರೆಕ್ಕೆಯು ತಲೆಯ ಮೇಲಿರುವುದರಿಂದ ಈ ತಾಪತ್ರಯವಿಲ್ಲ. ಅವು ಇಪ್ಪತ್ತೈದು ಸಾವಿರ ಅಡಿಗಿಂತ ಮೇಲೇರುವುದೂ ಇಲ್ಲ. ನೋಡುವ ಆಸೆಯುಳ್ಳವರಿಗೆ ನಾನು ಅವನ್ನೇ ಹೇಳುವೆನು, ಸದ್ದು ಹೆಚ್ಚಾದರೂ.

ನಮಗೆ ದೊರೆತದ್ದು ಇಪ್ಪತ್ತಾರನೆಯ ಸಾಲು. ವಿಮಾನವು ಪೂರ್ವಕ್ಕೆ ಏರಿ ಎಡಕ್ಕೆ ಹೊರಳಿದಾಗ ನಮ್ಮ ಕಿಟಕಿಯು ನೆಲದ ಕಡೆಗೆ ಬಾಗಿತು. ದ್ರಾಕ್ಷಿ ತೋಟಗಳು, ಅವುಗಳಾಚೆ ಎಳೆಬಿಸಿಲಿನಲ್ಲಿ ನಂದಿಯ ಬಂಡೆ. ಹತ್ತಿದವರೆಲ್ಲ ಉಸಿರು ಕಟ್ಟಿಕೊಳ್ಳುವ 1,478 ಮೀಟರಿನ ಬೆಟ್ಟವು ಮಗುವಿನ ಆಟದ ಬಸವನಂತೆ ಕುಳಿತಿತ್ತು. ಮುಕ್ಕಾಲು ಗಂಟೆಯಾಗುತ್ತಿದ್ದಂತೆ, ನಮ್ಮ ಪುಣ್ಯವೆನ್ನಿ, ಎಡಕ್ಕೇ ನೀರು ಕಂಡಿತು. "ಅಮ್ಮಾ, ಶ್ರೀಶೈಲದ ಕೃಷ್ಣೆ" ಎಂದೆ. ತಾಯಿಯವರು ಮಾತನಾಡಲಿಲ್ಲ. ಸೆರಗಿನೊಳಗೆ ಇಷ್ಟಲಿಂಗವನ್ನು ಹಿಡಿದು, ನದಿಯು ಹಿಂದೆ ಸರಿಯುವವರೆಗೂ ನೋಡುತ್ತಿದ್ದರು.

ಜಂಗಮವಾಡಿ ಮಠದಲ್ಲಿ ಮೂರು ದಿನವಿದ್ದು ಹೊರಟೆವು. ಹಿಂದಿರುಗುವ ಸಂಜೆ ದಾರಿಯುದ್ದಕ್ಕೂ ಮೋಡ. ನನಗೋ ಕಳವಳ. ವಿಮಾನವು ಇಳಿಯತೊಡಗಿದಾಗ ಮೋಡವು ಕೆಳಗಿನಿಂದ ಹರಿದು, ಪೂರ್ವದ ಬಯಲು ತೆರೆಯಿತು. ದೂರದಲ್ಲಿ ಕೆರೆಗಳು, ಒಂದರ ಕೆಳಗೊಂದು, ಬಿಲ್ಲಿನಂತೆ ಬಾಗಿದ ಏರಿಗಳೊಡನೆ. ರಾಜ್ಯದಲ್ಲೇ ಕೆರೆಗಳ ಜಿಲ್ಲೆಯೆಂದು ಹೆಸರಾದ ಸೀಮೆಯ ಹೆಣಿಗೆಯು ನೆಲದ ಮೇಲಿದ್ದವರಿಗೆ ಹೀಗೆ ಎಂದೂ ಕಂಡಿರಲಾರದು.

"ಅಗೋ, ನಮ್ಮ ಕೆರೆ" ಎಂದರು ತಾಯಿಯವರು.

ಅಷ್ಟು ದೂರದಿಂದ ಅದು ಯಾವ ಕೆರೆಯೋ ನನಗೆ ತಿಳಿಯಲಿಲ್ಲ. "ಹೌದಮ್ಮಾ" ಎಂದೆ. ಅವರು ಗಾಜಿಗೆ ಹಣೆ ಹಚ್ಚಿ, "ಅಕ್ಕ ನೋಡಬೇಕಾಗಿತ್ತು" ಎಂದರು.